ಒಂದೇ ಮನೆಯ ಇಬ್ಬರ ದಮ್ಮು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಹುದಿಕೇರಿ ಕಡೆಯ ಎಸ್ಟೇಟೊಂದರ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದೆ. ನಮ್ಮ ಡಾಕ್ಟರಿಗೆ ಒಂದು ಆಸೆ. ದಮ್ಮಿನವರು, ಅಂದರೆ ಉಬ್ಬಸದ ರೋಗಿಗಳು, ಒಳಗೆಳೆದುಕೊಳ್ಳುವ ಎರಡು ಮದ್ದುಗಳಲ್ಲಿ ಯಾವುದು ಮೇಲು ಎಂದು ತೋರಿಸಿ, ವೈದ್ಯರ ಪತ್ರಿಕೆಗೆ ಬರೆಯಬೇಕು. ಒಂದು, ಹೊತ್ತಿಸಿ ಹೊಗೆ ಎಳೆಯುವ ಪುಡಿ. ಇನ್ನೊಂದು, ಮದ್ರಾಸಿನಿಂದ ತರಿಸಿದ ಗಾಜಿನ ಪಂಪು. ಅದರ ರಬ್ಬರ್ ಉಂಡೆ ಒತ್ತಿದರೆ ಮದ್ದು ಮಂಜಿನಂತೆ ಚಿಮ್ಮುತ್ತಿತ್ತು.

ಎಸ್ಟೇಟಿನ ಲೆಕ್ಕ ಬರೆದು ನಿವೃತ್ತರಾದ ರೈಟರಿಗೂ ಅವರ ವಿಧವೆ ಅಕ್ಕನಿಗೂ ಹಳೆಯ ದಮ್ಮು. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ.

"ಒಂದೇ ಊಟ, ಒಂದೇ ಹವೆ. ವ್ಯತ್ಯಾಸ ಕಂಡರೆ ಅದು ಮದ್ದಿನದೇ," ಎಂದರು ಡಾಕ್ಟರು. ತಮ್ಮನಿಗೆ ಪಂಪು, ಅಕ್ಕನಿಗೆ ಪುಡಿ ಕೊಟ್ಟರು.

ಪ್ರತಿ ಶನಿವಾರ ಇಬ್ಬರೂ ಬಂದು ಬಾಯಿ ಅಗಲಿಸಿ ಮೇಣದ ಬತ್ತಿ ಊದುತ್ತಿದ್ದರು. ಎಷ್ಟು ದೂರದಿಂದ ಆರಿತು ಎಂದು ನಾನು ಅಡಿಕೋಲಿಟ್ಟು ಬರೆದುಕೊಳ್ಳುತ್ತಿದ್ದೆ. ಅಕ್ಕನ ದೂರ ವಾರವಾರವೂ ಹೆಚ್ಚಿತು, ತಮ್ಮನದು ಇದ್ದಲ್ಲೇ ಇತ್ತು. ಡಾಕ್ಟರು ಪುಡಿಯನ್ನು ಹೊಗಳಿ ಬರೆಯಲು ಕೂತರು.

ಅಷ್ಟರಲ್ಲಿ ಪಂಪಿನ ರಬ್ಬರ್ ಹರಿಯಿತು. ಹೊಸದನ್ನು ಕೊಡಲು ನಾನೇ ಅವರ ಮನೆಗೆ ಹೋದೆ. ಅಕ್ಕ ಹೊತ್ತಿಸಿದ ಪುಡಿಯ ಹೊಗೆ ಮನೆಯೆಲ್ಲ ತುಂಬಿತ್ತು. ತಮ್ಮ ಅದರ ಪಕ್ಕದಲ್ಲೇ ಕೂತಿದ್ದರು.

"ಪಂಪು ಹೇಗೆ ಹಿಡೀತೀರಿ, ತೋರಿಸಿ," ಎಂದೆ.

ಅವರು ತುಟಿ ಬಿಗಿದುಕೊಂಡು ಒತ್ತಿದರು. ಮದ್ದೆಲ್ಲ ಮೀಸೆಗೆ ಹೋಯಿತು.

"ಅವನಿಗೆ ಬರಲ್ಲ," ಎಂದರು ಅಕ್ಕ. "ಮದ್ದು ಹಾಳಾಗೋದು ಯಾಕೆ ಅಂತ ದಿನಾ ನಾನೇ ಎಳ್ಕೊಳ್ತೀನಿ."

"ಪುಡಿಯಿಂದಲೇ ಗುಣ ಅಂತ ಡಾಕ್ಟರಿಗೆ ಹೇಳಿದ್ರಲ್ಲ ಅವ್ವ?"

"ಅವರು ನಂಗೆ ಕೊಟ್ಟಿದ್ದು ಪುಡಿ ಅಲ್ವಾ. ಬೇರೆ ಏನಾದ್ರೂ ಅಂದ್ರೆ ಬೇಜಾರು ಮಾಡ್ಕೊಳ್ತಾರೆ."

ನಾನು ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಡಾಕ್ಟರು ಬರೆದ ಹಾಳೆಗಳನ್ನು ಹರಿದರು. ಮದ್ದು ಅದಲುಬದಲು ಮಾಡಿ, ಒಬ್ಬರದು ಇನ್ನೊಬ್ಬರಿಗೆ ತಾಗದಿರಲೆಂದು ಅಕ್ಕನನ್ನು ವಿರಾಜಪೇಟೆಯಲ್ಲಿದ್ದ ಆಕೆಯ ಮಗಳ ಮನೆಗೆ ಕಳಿಸಿದರು. ಎರಡು ತಿಂಗಳ ಬಳಿಕ ಬಂದ ಅಕ್ಕ ಮೇಜಿನ ಆ ತುದಿಯ ಮೇಣದ ಬತ್ತಿಯನ್ನೇ ಊದಿ ಆರಿಸಿದರು. ಆದರೆ ಅಷ್ಟರಲ್ಲಿ ಮಳೆಗಾಲ ಮುಗಿದು ಬಿಸಿಲು ಬಂದಿತ್ತು. ಮಗಳ ಮನೆಯಲ್ಲಿ ಅವರು ಸೌದೆ ಒಲೆಯ ಹೊಗೆಯ ಮುಂದೆ ಕೂರಬೇಕಾಗಿಯೂ ಇರಲಿಲ್ಲ.

"ಪಂಪೋ, ಬಿಸಿಲೋ, ಒಲೆಯೋ?" ಎಂದು ಡಾಕ್ಟರು ನನ್ನನ್ನೇ ಕೇಳಿದರು. ಕಂಪೌಂಡರನ ಅಭಿಪ್ರಾಯ ಕೇಳುವಷ್ಟು ಅವರು ಸೋತದ್ದು ಅದೇ ಮೊದಲು.

ಲೇಖನದ ಮಾತು ಅಲ್ಲಿಗೆ ನಿಂತಿತು. ಡಾಕ್ಟರು ಇಬ್ಬರಿಗೂ ಎರಡೂ ಮದ್ದು ಕೊಟ್ಟರು, ಬಾಯಿ ತೆರೆದು ಮದ್ದೆಳೆಯುವುದನ್ನು ರೈಟರಿಗೆ ತಾವೇ ಕೂತು ಕಲಿಸಿದರು. ಅಕ್ಕ ವಿರಾಜಪೇಟೆಯಲ್ಲೇ ಉಳಿದರು. ಬೇಸಿಗೆಯ ಹೊತ್ತಿಗೆ ರೈಟರು ಭಾನುವಾರಗಳಲ್ಲಿ ಏರುದಾರಿಯನ್ನು ನಡೆದೇ ಹತ್ತಿ, ಬಸ್ಸು ಹಿಡಿದು ಅಕ್ಕನನ್ನು ನೋಡಿ ಬರುತ್ತಿದ್ದರು.