ವೈರ್ ಬುಟ್ಟಿಯಲ್ಲಿ ವಿಮಾನ ಹತ್ತಿದ ಲೆನ್ಸು

ಗಂಡಿನ ಕಡೆಯ ಫೋಟೋಗ್ರಾಫರ್ ಮಾಡಿದ ಆಲ್ಬಮ್ಮಿನಲ್ಲಿ ಹೆಣ್ಣಿನ ಕಡೆಯವರು ಸಿಗುವುದು ಊಟದ ಪಂಕ್ತಿಯಲ್ಲಿ ಮಾತ್ರ. ಅದೂ ಬಾಯಿ ತೆರೆದು ತುತ್ತು ಇಡುವಾಗ. ನಂಬಿಕೆ ಬಾರದಿದ್ದರೆ ಭದ್ರಾವತಿಯಲ್ಲಿ ಮಗಳನ್ನು ಮದುವೆ ಮಾಡಿಕೊಟ್ಟ ಯಾರನ್ನಾದರೂ ಕೇಳಿ ನೋಡಿ. ಜನ್ನಾಪುರದ ಅಣ್ಣ ಒಬ್ಬರಿದ್ದಾರೆ. ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಮಗಳಿಗೆ ಮಲೇಷ್ಯಾದಲ್ಲಿ ಗಂಡು ಗೊತ್ತಾದಾಗ, ಸೀರೆ ಅಂಗಡಿಗೂ ಹೋಗುವ ಮೊದಲು ಅವರು ನ್ಯೂ ಟೌನಿನ ನನ್ನ ಸ್ಟುಡಿಯೋಗೆ ಬಂದರು.

"ಮದುವೆ ಅಲ್ಲೇ ಮಾಡ್ತಾರಂತೆ. ಅವರ ಕಡೆ ಫೋಟೋದವರದ್ದೇ ಒಂದು ದಂಡು ಇದೆಯಂತೆ. ನೀನು ಬರಲೇಬೇಕು ಮಾರಾಯ. ಇಲ್ಲಾಂದ್ರೆ ನಾವು ಹೋಗಿದ್ವಿ ಅನ್ನೋದಕ್ಕೂ ಸಾಕ್ಷಿ ಇರಲ್ಲ."

ಆ ಹುಡುಗಿಯ ನಾಮಕರಣದ ಫೋಟೋವನ್ನು ರೀಲಿನ ಕ್ಯಾಮೆರಾದಲ್ಲಿ ತೆಗೆದವನು ನಾನು. ಇಲ್ಲ ಅನ್ನುವುದು ಹೇಗೆ? ಆದರೆ ವಿಮಾನವನ್ನು ನಾನು ಹತ್ತಿರದಿಂದ ನೋಡಿದ್ದು ಶಿವಮೊಗ್ಗದ ವಿಮಾನ ನಿಲ್ದಾಣದ ಬೇಲಿಯ ಈಚೆಯಿಂದ, ಯಾರದೋ ಪ್ರೀ ವೆಡ್ಡಿಂಗ್ ಶೂಟಿಂಗಿಗೆ ಹೋಗಿದ್ದಾಗ. ಅಲ್ಲಿಂದಲೂ ಕಾವಲಿನವನು ನಮ್ಮನ್ನು ಓಡಿಸಿದ್ದ.

ಆ ಮನೆಯಿಂದ ಹೊರಡಬೇಕಾದವರಲ್ಲಿ ಅಣ್ಣನ ತಾಯಿಯೂ ಒಬ್ಬರು. ತಮಿಳು ಮನೆಯಾದ್ದರಿಂದ ಮೊಮ್ಮಕ್ಕಳಿಗೆ ಅವರು ಪಾಟಿ. ಮೊಮ್ಮಕ್ಕಳಿಂದ ಕಲಿತು ಇಡೀ ಬೀದಿಗೇ ಪಾಟಿ. ಹುಡುಗಿಯ ತಾಯಿ ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದುದರಿಂದ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಪಾಟಿಯೇ. ಆದರೂ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದರು.

"ನಾನು ಹಿಂದೆ ನಿಲ್ಲೋಳು. ಹಿಂದೆ ನಿಲ್ಲೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಜನ್ನಾಪುರದಲ್ಲೇ ನಿಂತಿರ್ತೀನಿ."

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಯಾರೂ ಹೇಳದಿದ್ದರೂ ಶುಭಕಾರ್ಯದಲ್ಲಿ ತಾವೇ ಹಿಂದೆ ಸರಿಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಮನೆಯ ಅಷ್ಟೂ ಆಲ್ಬಮ್ಮು ನನ್ನದೇ ಕೆಲಸ. ಒಂದರಲ್ಲೂ ಪಾಟಿ ಪೂರ್ತಿ ಇಲ್ಲ. ಅಡುಗೆಮನೆ ಬಾಗಿಲ ಪಕ್ಕದಲ್ಲಿ ಅರ್ಧ ಭುಜ, ಇಲ್ಲವೇ ಸೀರೆಯ ಸೆರಗು. ಸ್ವಂತ ಗಂಡುಮಕ್ಕಳಿಬ್ಬರ ಮದುವೆಯಲ್ಲೂ ಅವರು ಉಗ್ರಾಣದ ಕೋಣೆಯಲ್ಲಿ ಕೂತು ಗಟ್ಟಿಮೇಳ ಕೇಳಿದ್ದರೇ ಹೊರತು ತಾಳಿ ಕಟ್ಟುವುದನ್ನು ನೋಡಿರಲಿಲ್ಲ. ಮೊಮ್ಮಗಳದ್ದನ್ನಾದರೂ ಕಣ್ಣಾರೆ ನೋಡಬೇಕೆಂದು ಸೊಸೆಯ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದರಂತೆ. ಹೇಳಿದ ಮೇಲೆ ತಾವೇ ಗಲ್ಲ ಬಡಿದುಕೊಂಡರಂತೆ. ಅಣ್ಣನ ಹೆಂಡತಿ ಇದನ್ನು ನನಗೆ ಹೇಳಿದಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು, ಅದಕ್ಕೇ ಜಾಸ್ತಿ. ಕೊನೆಗೆ ಮದುಮಗಳೇ, ಪಾಟಿ ಬರದಿದ್ದರೆ ತಾನೂ ಹೋಗುವುದಿಲ್ಲ ಎಂದು ಕೂತಳು. ಪಾಟಿಗೂ ಟಿಕೆಟ್ ಆಯಿತು.

ನನ್ನ ತಲೆನೋವು ಬೇರೆ ಇತ್ತು. ವಿಮಾನದಲ್ಲಿ ಕೈಚೀಲ ಏಳು ಕೆಜಿ ಮೀರುವಂತಿಲ್ಲ. ನನ್ನ ಹತ್ತಿರ ಎರಡು ಕ್ಯಾಮೆರಾ, ಮೂರು ಲೆನ್ಸು, ಫ್ಲ್ಯಾಶು, ಬ್ಯಾಟರಿಗಳು. ಅದರಲ್ಲೂ ದೂರದ್ದನ್ನು ಹತ್ತಿರ ತರುವ ಒಂದು ಬಿಳಿ ಲೆನ್ಸಿದೆ. ಮೊಳಕೈ ಉದ್ದ, ನನ್ನ ಬೈಕಿಗಿಂತ ದುಬಾರಿ. ಅದಕ್ಕೆ ಏನಾದರೂ ಆದರೆ ನಾನು ಸ್ಟುಡಿಯೋದ ಬಾಗಿಲೆಳೆದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವವರ ಹತ್ತಿರ ಕೆಲಸ ಕೇಳಬೇಕು. ಮನೆಯ ತಕ್ಕಡಿಯ ಮೇಲೆ ನಂಬಿಕೆ ಇರಲಿಲ್ಲವಾದ್ದರಿಂದ ಬ್ಯಾಗನ್ನು ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟಿರುವ ಗೆಳೆಯನ ಹತ್ತಿರ ಒಯ್ದೆ. ಅವನು ಅಡಿಕೆ ಮೂಟೆ ಇಳಿಸಿ ನನ್ನ ಬ್ಯಾಗು ಇಟ್ಟು, ಕನ್ನಡಕ ಮೇಲೇರಿಸಿ ನೋಡಿದ.

"ಹದಿನಾಲ್ಕು ಕೆಜಿ. ಹಸಿ ಇದೆ ಮಾರಾಯ, ಒಣಗಿಸಿ ತಗೊಂಬಾ."

"ತಮಾಷೆ ಮಾಡ್ಬೇಡ ಮಾರಾಯ."

"ತಮಾಷೆ ಅಲ್ಲ. ಸಿಪ್ಪೆ ಸುಲಿ. ಒಳಗಿನ ಅಡಿಕೆಗಿಂತ ಸಿಪ್ಪೆನೇ ಜಾಸ್ತಿ ತೂಗ್ತಿದೆ."

ಅವನು ಹೇಳಿದ್ದು ಸರಿ. ಸ್ಪಂಜು, ಚೈನು, ಜೇಬುಗಳ ಆ ಬ್ಯಾಗೇ ನಾಲ್ಕು ಕೆಜಿ ಹತ್ತಿರ ಇತ್ತು. ಸಿಪ್ಪೆ ಸುಲಿದೆ. ಒಂದೊಂದು ಸಾಮಾನನ್ನೂ ಹಳೆಯ ಟವೆಲ್ಲಿನಲ್ಲಿ ಸುತ್ತಿ ಸಾದಾ ಚೀಲಕ್ಕೆ ಹಾಕಿದೆ. ಆಗಲೂ ತೂಕ ಹತ್ತು ಕೆಜಿ. ಗೆಳೆಯ ಕೈಚೆಲ್ಲಿದ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ನಗುನಗುತ್ತಲೇ ನನ್ನ ಎದೆಗೆ ಕಲ್ಲು ಹಾಕಿದಳು. ಹೆಚ್ಚಿನದ್ದನ್ನು ಕೆಳಗಿನ ಲಗೇಜಿಗೆ ಹಾಕಿ ಎಂದಳು. ಅವಳ ಹಿಂದೆ ಓಡುತ್ತಿದ್ದ ಬೆಲ್ಟಿನ ಮೇಲೆ ಪೆಟ್ಟಿಗೆಗಳು ದಬದಬ ಬೀಳುತ್ತಿದ್ದವು. "ನಾವು ಕಬ್ಬಿಣದ ತುಂಡನ್ನೂ ಹಂಗೆ ಎಸೀತಿರ್ಲಿಲ್ಲ," ಎಂದರು ಅಣ್ಣ. ಅಷ್ಟು ಹೇಳಿ ತಾವೇ ಉಪಾಯವನ್ನೂ ಹುಡುಕಿದರು. ಮನೆಯವರೆಲ್ಲರ ಕೈಚೀಲದಲ್ಲೂ ಸ್ವಲ್ಪ ಸ್ವಲ್ಪ ಜಾಗವಿತ್ತು. ಫ್ಲ್ಯಾಶು ಅಣ್ಣನ ಹೆಂಡತಿಯ ವ್ಯಾನಿಟಿ ಬ್ಯಾಗಿಗೆ ಹೋಯಿತು, ಬ್ಯಾಟರಿಗಳು ಅಣ್ಣನ ತಮ್ಮನಿಗೆ. ಬಿಳಿ ಲೆನ್ಸಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಉಳಿದದ್ದು ಪಾಟಿಯ ಪ್ಲಾಸ್ಟಿಕ್ ವೈರಿನ ಬುಟ್ಟಿ, ಹಸಿರು ಮತ್ತು ಹಳದಿ ವೈರಿನದ್ದು, ಅವರೇ ಹೆಣೆದದ್ದು. ಅದರಲ್ಲಿ ಒಂದು ಸೀರೆ, ವಿಭೂತಿ ಡಬ್ಬಿ ಮತ್ತು ಅವರು ಮುರುಕು ಅನ್ನುವ ಚಕ್ಕುಲಿ ಮಾತ್ರ ಇದ್ದವು.

ನಾನು ಮಂಡಿಯೂರಿ ಕೂತು, ಮಗುವನ್ನು ಮಲಗಿಸಿದ ಹಾಗೆ ಲೆನ್ಸನ್ನು ಮುರುಕಿನ ಪಕ್ಕ ಮಲಗಿಸಿದೆ.

"ಪಾಟೀ, ಇದನ್ನ ಯಾರ ಕೈಗೂ ಕೊಡಬೇಡಿ. ಎಲ್ಲೂ ಇಡಬೇಡಿ. ನನ್ನ ಜೀವ ಇದರಲ್ಲಿದೆ."

"ಆಯ್ತು ಕಣ್ಣು," ಎಂದರು ಪಾಟಿ. ತಮಗಿಂತ ಚಿಕ್ಕವರೆಲ್ಲ ಅವರ ಬಾಯಲ್ಲಿ ಕಣ್ಣು.

ಆ ಮಾತನ್ನು ಅವರು ಅಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದು ಗೊತ್ತಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ತಪಾಸಣೆಯ ಜಾಗದಲ್ಲಿ ನಾನು ಗಂಡಸರ ಸಾಲಿನಲ್ಲಿ ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡು ದಾಟಿದ್ದೆ. ಹಿಂತಿರುಗಿ ನೋಡಿದರೆ ಹೆಂಗಸರ ಸಾಲು ನಿಂತುಬಿಟ್ಟಿದೆ. ಪಾಟಿ ಬುಟ್ಟಿಯನ್ನು ಎದೆಗವಚಿಕೊಂಡಿದ್ದಾರೆ. ಖಾಕಿ ಹಾಕಿದ ಹೆಂಗಸು ಟ್ರೇ ತೋರಿಸುತ್ತಿದ್ದಾಳೆ. ಪಾಟಿ ತಲೆ ಅಡ್ಡಡ್ಡ ಆಡಿಸುತ್ತಿದ್ದಾರೆ. ಆ ಹೆಂಗಸಿಗೆ ಕನ್ನಡ ಬಾರದು. ಪಾಟಿಗೆ ಭದ್ರಾವತಿ ಸಂತೆಯಲ್ಲಿ ತರಕಾರಿ ಚೌಕಾಶಿ ಮಾಡಿ ಕಲಿತ ಹಿಂದಿ ಇತ್ತು. ಅದನ್ನು ಹೊರಗೆ ತೆಗೆದರು.

ಬ್ಯಾಗು ನಿಮ್ಮದೇನಾ ಎಂದು ಆಕೆ ಕೇಳಿದಳು.

"ಮೇರಾ ನೈ," ಎಂದರು ಪಾಟಿ, ಇಡೀ ಹಾಲಿಗೆ ಕೇಳುವಂತೆ. "ದೂಸ್ರೇ ಕಾ."

ಒಳಗೆ ಏನಿದೆ?

"ಮಾಲೂಮ್ ನೈ. ಬಹುತ್ ಭಾರೀ ಹೈ. ಇಡಬೇಡ ಬೋಲಾ."

ಬೇರೆಯವರದು, ಒಳಗೇನಿದೆ ಗೊತ್ತಿಲ್ಲ, ತುಂಬ ಭಾರ, ಕೆಳಗಿಡಬೇಡ ಎಂದಿದ್ದಾರೆ. ವಿಮಾನ ನಿಲ್ದಾಣದಲ್ಲಿ ಆಡಬಾರದ ಮಾತುಗಳನ್ನೆಲ್ಲ ಪಾಟಿ ಒಂದೇ ಉಸಿರಿಗೆ ಆಡಿ ಮುಗಿಸಿದ್ದರು. ಎಲ್ಲಿದ್ದರೋ, ಬಂದೂಕು ಹಿಡಿದ ಇಬ್ಬರು ಹತ್ತಿರ ಬಂದರು. ಈ ಬುಟ್ಟಿ ಕೊಟ್ಟವನು ಯಾರು ಎಂದು ಕೇಳಿದಾಗ ಪಾಟಿ ಸಂತೋಷದಿಂದ ನನ್ನತ್ತ ಬೆರಳು ತೋರಿಸಿದರು. ಪ್ಯಾಂಟನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ನನ್ನನ್ನು ಪಕ್ಕಕ್ಕೆ ಕರೆದರು.

ಟವೆಲ್ಲು ಬಿಚ್ಚಿಸಿದರು. ಲೆನ್ಸಿನೊಳಗೆ ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಇಣುಕಿದರು. ಬಟ್ಟೆಯ ಚೂರಿನಿಂದ ಒರೆಸಿ ಯಂತ್ರಕ್ಕೆ ಕೊಟ್ಟರು. ಮುರುಕನ್ನೂ ಒರೆಸಿದರು. ವಿಭೂತಿ ಡಬ್ಬಿ ತೆರೆದಾಗ ಇನ್ನೊಂದು ಸುತ್ತು ಶುರುವಾಯಿತು. ಕೊನೆಗೆ ಹಾವೇರಿ ಕಡೆಯವರಿರಬೇಕು, ಕನ್ನಡದ ಅಧಿಕಾರಿಯೊಬ್ಬರು ಬಂದು ಕಥೆಯೆಲ್ಲ ಕೇಳಿ, ಮೀಸೆಯೊಳಗೇ ನಗುತ್ತ ಬುಟ್ಟಿ ವಾಪಸ್ ಕೊಟ್ಟರು.

"ಅಜ್ಜೀ, ಇನ್ನೊಮ್ಮಿ ಯಾರರ ಕೇಳಿದ್ರ, ಚೀಲ ನಂದಽ ಅನ್ನಬೇಕ್ರಿ."

"ಮದುವೆಗೆ ಹೊರಟಿದೀನಿ, ಸುಳ್ಳು ಹೇಳ್ಲಾ?" ಎಂದು ಪಾಟಿ ಅವರನ್ನೇ ತಿರುಗಿ ಕೇಳಿದರು.

ವಿಮಾನದೊಳಗೆ ಗಗನಸಖಿ ಬಂದು ಬುಟ್ಟಿಯನ್ನು ಮುಂದಿನ ಸೀಟಿನ ಕೆಳಗೆ ಇಡಲು ಹೇಳಿದಳು. ಪಾಟಿಗೆ ಕೋಪ ಬಂತು. ಅನ್ನ ಕೊಡುವ ವಸ್ತುವನ್ನು ಕಾಲ ಹತ್ತಿರ ಇಡುವುದೇ? ತಲೆಯ ಮೇಲಿನ ಗೂಡು ತೋರಿಸಿದಾಗ ಒಪ್ಪಿದರು, ಅದು ದೇವರ ಪಟ ಇಡುವ ಎತ್ತರದಲ್ಲಿತ್ತು. ಆದರೆ ಆಮೇಲೆ ದಾರಿಯುದ್ದಕ್ಕೂ ಕತ್ತೆತ್ತಿ ಆ ಗೂಡನ್ನೇ ನೋಡುತ್ತ ಕೂತರು. ಯಾರಾದರೂ ಅದನ್ನು ತೆರೆದರೆ ಎದ್ದು ನಿಲ್ಲುತ್ತಿದ್ದರು. ಕೋಟು ತೆಗೆಯಲು ಬಂದ ಒಬ್ಬ ದೊಡ್ಡ ಮನುಷ್ಯ ಪಾಟಿಯ ಮುಖ ನೋಡಿ, ಚಳಿಯಲ್ಲೇ ಇರುತ್ತೇನೆ ಎಂದು ವಾಪಸ್ ಹೋದ.

"ಪಾಟೀ, ಇಳಿದ ಮೇಲೆ ನನಗೆ ಕೊಟ್ಟುಬಿಡಿ," ಎಂದೆ.

"ಮದುವೆಗೆ ಮುಟ್ಟಿಸ್ತೀನಿ ಅಂತ ಒಪ್ಕೊಂಡಿದೀನಿ. ಮುಹೂರ್ತದಲ್ಲಿ ಊಟದ ಹಾಲ್ ಬಾಗಿಲ ಹತ್ರ ಕೂತಿರ್ತೀನಿ. ಬೇಕಾದಾಗ ಬಾ, ನಿನ್ನ ಕೈಗೇ ಕೊಡ್ತೀನಿ."

"ಮಂಟಪದ ಹತ್ರ ಬರಲ್ವಾ?"

"ನಂಗೆ ಗಟ್ಟಿಮೇಳ ಕೇಳಿದ್ರೆ ಸಾಕು ಕಣ್ಣು. ಅದರಲ್ಲೇ ಎಲ್ಲಾ ಗೊತ್ತಾಗುತ್ತೆ."

ಕೊಟ್ಟ ಊಟದಲ್ಲಿ ನೆಪ ಹುಡುಕಿ ಗಗನಸಖಿಯ ಮೇಲೆ ರೇಗಿದೆ. ಪಾಪ, ಅವಳಿಗೇನು ಗೊತ್ತು.

ಮದುವೆಯ ಹಾಲಿನಲ್ಲಿ ಗಂಡಿನ ಕಡೆಯ ಫೋಟೋ ದಂಡು ಕಪ್ಪು ಟೀ ಶರ್ಟು ಹಾಕಿ ಮಂಟಪವನ್ನು ವಶಪಡಿಸಿಕೊಂಡಿತ್ತು. ಕ್ರೇನು, ಛತ್ರಿ ದೀಪ, ಕಿವಿಯಲ್ಲಿ ಮೈಕು. ಒಬ್ಬನ ಕಾಲಿಗೆ ಇನ್ನೊಬ್ಬನ ವೈರು ಸಿಕ್ಕಿಕೊಳ್ಳುತ್ತಿತ್ತು, ಇಬ್ಬರೂ ನನ್ನನ್ನು ಬೈಯುತ್ತಿದ್ದರು. ತಳ್ಳಿಸಿಕೊಳ್ಳುತ್ತ ತಳ್ಳಿಸಿಕೊಳ್ಳುತ್ತ ನಾನು ವೇದಿಕೆಯ ಕೆಳಗೆ ಒಂದು ಮೂಲೆಗೆ ಬಂದು ನಿಂತೆ. ಅಲ್ಲಿಂದ ಚಿಕ್ಕ ಲೆನ್ಸಿನಲ್ಲಿ ಮದುಮಗಳ ಮುಖ ಬಟಾಣಿ ಕಾಳಿನಷ್ಟು. ಮುಹೂರ್ತ ಹತ್ತಿರ ಬಂದಿತ್ತು. ಅಣ್ಣನ ತಮ್ಮನನ್ನು ಪಾಟಿಯ ಹತ್ತಿರ ಓಡಿಸಿದೆ. ಅವರು ಬೆವರುತ್ತ ಬರಿಗೈಯಲ್ಲಿ ಬಂದರು.

"ಕೊಡಲ್ಲ ಅಂತಾಳಪ್ಪ! ಹೆತ್ತ ಮಗನಿಗೇ ಕೊಡಲ್ಲ ಅಂತಾಳೆ! ನಿನ್ನ ಕೈಗೇ ಅಂತೆ."

ನಾನು ಜಾಗ ಬಿಟ್ಟು ಹೋದರೆ ಆ ಮೂಲೆಯೂ ಕೈಬಿಟ್ಟು ಹೋಗುತ್ತದೆ. ಇದ್ದಲ್ಲಿಂದಲೇ ಎರಡೂ ಕೈ ಎತ್ತಿ ಬೀಸಿದೆ, ಬನ್ನಿ ಬನ್ನಿ ಎಂದು. ಇದೆಲ್ಲ ನಾನು ಮೊದಲೇ ಹೂಡಿದ ಉಪಾಯ ಎಂದು ಈಗ ಜನ್ನಾಪುರದಲ್ಲಿ ಕೆಲವರು ಹೊಗಳುತ್ತಾರೆ. ಸುಳ್ಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಲೆನ್ಸು ಬಿಟ್ಟರೆ ಬೇರೇನೂ ಇರಲಿಲ್ಲ.

ಪಾಟಿ ಎದ್ದರು. ರೇಷ್ಮೆ ಸೀರೆಗಳ ನಡುವೆ ಒಂದು ಬಿಳಿ ನೂಲಿನ ಸೀರೆ, ಹಸಿರು ಹಳದಿ ಬುಟ್ಟಿ ಹಿಡಿದು, ನಡು ದಾರಿಯಲ್ಲೇ ನೆಟ್ಟಗೆ ನಡೆದು ಬಂತು. ಬುಟ್ಟಿಯಿಂದ ಲೆನ್ಸು ತೆಗೆದು ನನ್ನ ಅಂಗೈಯಲ್ಲಿಟ್ಟರು. ಇಟ್ಟವರೇ ಹಿಂದೆ ತಿರುಗಿದರು. ಆಗ ಮಾತ್ರ ನನಗೆ ಬುದ್ಧಿ ಬಂತು. ಕ್ಯಾಮೆರಾದಿಂದ ಬಿಚ್ಚಿದ ಚಿಕ್ಕ ಲೆನ್ಸನ್ನು ಖಾಲಿ ಬುಟ್ಟಿಗೆ ಹಾಕಿದೆ.

"ಪಾಟೀ, ಇದನ್ನ ಹಿಡ್ಕೊಂಡು ಇಲ್ಲೇ ನಿಲ್ಲಿ. ಯಾವಾಗ ಬೇಕಾಗುತ್ತೋ ಗೊತ್ತಿಲ್ಲ."

"ಇಲ್ಲಿ ನಾನು ನಿಲ್ಲಬಾರದು ಕಣ್ಣು."

"ನೀವು ಮದುವೆಗೆ ನಿಂತಿಲ್ಲ. ಕೆಲಸಕ್ಕೆ ನಿಂತಿದೀರಿ."

ಪಾಟಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯನ್ನು ಮೊಳಕೈಗೆ ಏರಿಸಿಕೊಂಡು ನಿಂತರು. ಕೆಲಸ ಎಂದರೆ ಅವರಿಗೆ ಗೊತ್ತು. ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಗಂಡಿನ ಸೋದರತ್ತೆಯೊಬ್ಬರು ಬಂದು ಇವರಿಗೆ ಹಿಂದೆ ಕುರ್ಚಿ ಇದೆ ಎಂದು ಮೆಲ್ಲಗೆ ಹೇಳತೊಡಗಿದಾಗ, ಪಾಟಿಯೇ ತಮಿಳಿನಲ್ಲಿ ಗದರಿಸಿದರು. ಕೆಲಸದಲ್ಲಿದ್ದೇನೆ, ಈಗ ಮಾತಾಡಿಸಬೇಡ ಎಂದರು. ಆ ಹೆಂಗಸು ಬಂದ ದಾರಿಯಲ್ಲೇ ವಾಪಸ್ ಹೋದರು.

ಗಟ್ಟಿಮೇಳ ಶುರುವಾಯಿತು. ಕಪ್ಪು ಟೀ ಶರ್ಟಿನವರೆಲ್ಲ ಒಟ್ಟಿಗೆ ಎದ್ದು ಮಂಟಪಕ್ಕೆ ಗೋಡೆ ಕಟ್ಟಿದರು. ನನ್ನ ಬೈಕಿಗಿಂತ ದುಬಾರಿಯಾದ ಲೆನ್ಸಿನಲ್ಲಿ ನನಗೆ ಕಂಡದ್ದು ಒಬ್ಬನ ಬೆನ್ನಿನ ಬೆವರು. ಆ ಕಡೆ ಬಗ್ಗಿದೆ, ಈ ಕಡೆ ಬಗ್ಗಿದೆ, ಕೆಟ್ಟ ಮಾತೊಂದನ್ನು ಆಡಿದೆ. ಅಕ್ಷತೆ ಬೀಳುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಪಾಟಿ ಇರಲಿಲ್ಲ. ತಲೆ ಎತ್ತಿದೆ. ಪಾಟಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಬುಟ್ಟಿ ಮೊಳಕೈಗೆ ತೂಗುತ್ತಿತ್ತು, ಬಾಯಿ ತೆರೆದಿತ್ತು, ಎತ್ತಿದ ಮುಷ್ಟಿಯಲ್ಲಿ ಎಸೆಯುವುದನ್ನು ಮರೆತ ಅಕ್ಷತೆ. ಕಪ್ಪು ತಲೆಗಳ ಮೇಲಿಂದ ಅವರಿಗೆ ಎಲ್ಲವೂ ಕಾಣುತ್ತಿತ್ತು. ನಾನು ಕ್ಯಾಮೆರಾವನ್ನು ಅವರತ್ತ ತಿರುಗಿಸಿದೆ. ಮೇಳ ನಿಲ್ಲುವವರೆಗೂ ಮತ್ತೆ ಈ ಕಡೆ ತಿರುಗಿಸಲಿಲ್ಲ.

ಊರಿಗೆ ಬಂದು ಆಲ್ಬಮ್ಮು ಮಾಡಿ ಜನ್ನಾಪುರಕ್ಕೆ ಒಯ್ದೆ. ಮನೆಯವರೆಲ್ಲ ಸುತ್ತ ಕೂತರು. ಅಣ್ಣ ಒಂದೊಂದೇ ಪುಟ ತಿರುಗಿಸಿದರು. ಕಾಶಿಯಾತ್ರೆ ಬಂತು, ಹಾರ ಬದಲಾಯಿಸಿದ್ದು ಬಂತು, ಧಾರೆ ಬಂತು. ಮುಂದಿನ ಪುಟದ ತುಂಬ ಕುರ್ಚಿಯ ಮೇಲೆ ನಿಂತ ಪಾಟಿ. ಅದರ ಮುಂದಿನದ್ದು ಊಟ. ಅಣ್ಣ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು.

"ತಾಳಿ ಕಟ್ಟಿದ್ದು ಎಲ್ಲಪ್ಪಾ?"

ಅದೊಂದಕ್ಕಾಗಿಯೇ ಅವರು ನನ್ನನ್ನು ಸಮುದ್ರ ದಾಟಿಸಿ ಕರೆದೊಯ್ದಿದ್ದರು. ಬಂದಿಲ್ಲ ಅಣ್ಣಾ, ಎಂದೆ.

ಅಣ್ಣ ಆಲ್ಬಮ್ಮು ಮುಚ್ಚಿ ನನ್ನನ್ನು ಬೈಯಲು ಶುರು ಮಾಡಿದರು. ಅಷ್ಟರಲ್ಲಿ, ಯಾವತ್ತೂ ಅಡುಗೆಮನೆ ಬಾಗಿಲಲ್ಲೇ ಇರುತ್ತಿದ್ದ ಪಾಟಿ ಹಾಲಿನ ನಡುವೆ ಬಂದು ಮಗನ ಪಕ್ಕದ ಕುರ್ಚಿಯಲ್ಲಿ ಕೂತರು.

"ಅದಕ್ಯಾಕೆ ಅವನನ್ನ ಬೈತೀಯ? ನಾನು ನೋಡಿದೀನಲ್ಲ, ಕೇಳು. ಮೊದಲನೇ ಗಂಟು ಹುಡುಗ ಹಾಕ್ದ. ಉಳಿದ ಎರಡು ಹಾಕೋಕೆ ಅವನಕ್ಕ ಹಿಂದಿಂದ ಬಂದ್ಲು..."