ಉಪ್ಪು ಹೊರಬರದ ಭರಣಿ

ಮಣ್ಣಿನ ಪಾತ್ರೆಯಲ್ಲಿ ಉಪ್ಪುನೀರು ತುಂಬಿಟ್ಟರೆ ಮೂರನೆಯ ದಿನ ಅದರ ಹೊರಮೈಯಲ್ಲಿ ಬಿಳಿ ಹೂವು ಅರಳುತ್ತದೆ. ನೀರು ಮಣ್ಣಿನೊಳಗಿಂದ ಜಿನುಗಿ ಹೊರಗೆ ಬಂದು ಆರುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ನೋಡಲು ಚೆಂದ, ಲೇಸ್ ಹೆಣೆದ ಹಾಗೆ. ಮೂವತ್ತರ ದಶಕದ ಒಂದು ಇಡೀ ಬೇಸಿಗೆಯನ್ನು ನಾನು ಆ ಹೂವನ್ನು ಶಪಿಸುತ್ತ ಕಳೆದೆ. ಆಗ ನನಗೆ ಹತ್ತೊಂಬತ್ತು.

ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗ್‌ನಲ್ಲಿದ್ದು ಮೆಟ್ರಿಕ್ ಮುಗಿಸಿ ಕಾರವಾರಕ್ಕೆ ಮರಳಿದ್ದೆ. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ನನಗೆ ಕ್ಲೇ ಮಾಡೆಲಿಂಗ್‌ನ ಹುಚ್ಚು ಹಿಡಿಸಿದ್ದರು. ಹೊರಡುವಾಗ ಗ್ಲೇಜ್ ಮಾಡುವುದರ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಕೈಗಿಟ್ಟಿದ್ದರು. ಗ್ಲೇಜ್ ಎಂದರೆ ಮಡಕೆಯ ಮೇಲೆ ಬೆಂಕಿಯಲ್ಲಿ ಕರಗಿ ಕೂರುವ ಗಾಜಿನ ತೊಗಲು. ಪುಸ್ತಕದಲ್ಲಿದ್ದ ಸಾಮಾನುಗಳಲ್ಲಿ ಮುಕ್ಕಾಲು ಪಾಲು ನಮ್ಮ ಜಿಲ್ಲೆಯಲ್ಲೇ ಸಿಗುತ್ತಿರಲಿಲ್ಲ. ಆದರೂ ದಿನಾ ಓದುತ್ತಿದ್ದೆ, ಬೇರೆ ಹುಡುಗಿಯರು ನಾವೆಲ್ ಓದಿದ ಹಾಗೆ.

ಮಣ್ಣು ತಟ್ಟುವುದನ್ನು ಕಲಿಸಿದವಳು ಬೆಳಂಬಾರದ ಕುಂಬಾರಜ್ಜಿ. ಅಮ್ಮನ ತವರು ಅಂಕೋಲೆ, ಬೆಳಂಬಾರ ಅದರ ಪಕ್ಕದ ಹಳ್ಳಿ. ಅಲ್ಲಿಗೆ ಹೋದಾಗಲೆಲ್ಲ ನಾನು ಅವಳ ಅಂಗಳದಲ್ಲೇ ಬಿದ್ದಿರುತ್ತಿದ್ದೆ. ಮಡಕೆ ತಿರುಗಿಸುವ ತಿಗರಿಯನ್ನು ಹೆಂಗಸರು ಮುಟ್ಟುವ ಹಾಗಿರಲಿಲ್ಲ, ಅದು ಗಂಡಸರದು. ಅಜ್ಜಿ ಒಳಗೆ ದುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿಯುತ್ತ ಮಡಕೆಯ ಹೊಟ್ಟೆ ದೊಡ್ಡದು ಮಾಡುತ್ತಿದ್ದಳು. ನಾನೂ ಹಾಗೇ ಕಲಿತೆ. ಆಮೇಲೆ ಅವಳ ಮಗ ಕಾರವಾರಕ್ಕೆ ಬಂದು ನಮ್ಮ ಹಿತ್ತಲಲ್ಲಿ ಎದೆಮಟ್ಟದ ಒಂದು ಭಟ್ಟಿ ಕಟ್ಟಿಕೊಟ್ಟ. ಮಣ್ಣು, ಒಡಕು ಹಂಚು, ಮೇಲೊಂದು ಮುಚ್ಚಳ. ಮಳೆ ತಡೆಯಲು ಸೂರು, ನಮ್ಮ ಕಡೆಯ ಮಾಡು, ಇರಲಿಲ್ಲ. ಮೊದಲ ಜೋರು ಮಳೆಗೇ ಅದು ಕರಗಿಹೋಗುವುದು ಎಲ್ಲರಿಗೂ ಗೊತ್ತಿತ್ತು.

ಮಾರ್ಚಿನಲ್ಲಿ ಸಿಸ್ಟರ್ ಕಾಗದ ಬಂತು. ಜೂನ್‌ನಿಂದ ಶಾಲೆಗೆ ಡ್ರಾಯಿಂಗ್ ಟೀಚರ್ ಬೇಕು, ಬರುತ್ತೀಯಾ? ನನಗೋ ಊರಲ್ಲೇ ಇದ್ದು ಭಟ್ಟಿಯ ಕೆಲಸ ಮಾಡುವ ಮನಸ್ಸು. ಅಪ್ಪ ಬಂದರಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಎಲ್ಲಕ್ಕೂ ಒಂದು ಕರಾರು ಬೇಕು ಅವರಿಗೆ.

"ನಾನು ಬೇಡ ಅನ್ನೂದಿಲ್ಲ" ಎಂದರು. "ಮಳೆಗಾಲದೊಳಗೆ ಒಂದು ಉಪ್ಪಿನಕಾಯಿ ಭರಣಿ ಮಾಡಿ ತೋರ್ಸು. ಉಪ್ಪು ಹೊರಗೆ ಬರಬಾರ್ದು. ಅದು ಆದ್ರೆ ನಿನ್ನ ಭಟ್ಟಿಗೆ ಮಂಗಳೂರು ಹಂಚಿನ ಮಾಡು ಹಾಕ್ಸಿ ಕೊಡ್ತೆ. ಆಗದಿದ್ರೆ ಬೆಳಗಾವಿಗೆ ಹೋಗು. ಮಳೆಗಾಲಕ್ಕೆ ಸ್ಟೀಮರ್ ನಿಲ್ತದೆ. ಕಡೇ ಸ್ಟೀಮರ್ ಹೋಗೂದ್ರೊಳಗೆ ನಿನ್ನ ಉತ್ತರ ಟಪಾಲಿಗೆ ಬೀಳ್ಬೇಕು."

"ಆಯ್ತೋ ಇಲ್ವೋ ಅಂತ ಹೇಳೂದು ಯಾರು?"

"ನಿನ್ನ ಅತ್ತೆ."

ಅಮ್ಮ ಕಿಸಕ್ಕನೆ ನಕ್ಕಳು. ಅತ್ತೆ ಅಂದರೆ ಅಪ್ಪನ ಅಕ್ಕ. ಹದಿನಾಲ್ಕಕ್ಕೆ ವಿಧವೆಯಾಗಿ ತವರಿಗೆ ಬಂದವಳು. ನಮ್ಮ ಮನೆಯ ಉಪ್ಪಿನಕಾಯಿ, ಹಪ್ಪಳ, ಮುರುಗಲು ಸಿಪ್ಪೆ ಎಲ್ಲ ಅವಳ ಆಡಳಿತ. ಯಾವುದನ್ನೂ ಚೆನ್ನಾಗಿದೆ ಎಂದು ಹೇಳಿದ ದಾಖಲೆ ಇರಲಿಲ್ಲ. ಬೊಂಬಾಯಿಯಿಂದ ಬಂದ ಭರಣಿಗೂ, ನನ್ನ ಕಾನ್ವೆಂಟ್ ಇಂಗ್ಲಿಷಿಗೂ ಅವಳದು ಒಂದೇ ಮಾತು: "ನೋಡುವಾ."

ಪುಸ್ತಕದಲ್ಲಿದ್ದ ಬೋರಾಕ್ಸ್ ಎಂದರೆ ಬಿಳಿಗಾರ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಪೇಟೆಯ ಅಕ್ಕಸಾಲಿಯ ಬಳಿ ಅದು ಡಬ್ಬಿಗಟ್ಟಲೆ ಇತ್ತು, ಬಂಗಾರಕ್ಕೆ ಬೆಸುಗೆ ಹಾಕಲು. ತಂದು, ನೀರಲ್ಲಿ ಕಲಸಿ, ಸುಟ್ಟ ಮಡಕೆಗೆ ಬಳಿದು ಭಟ್ಟಿಗಿಟ್ಟೆ. ಬಿಳಿಗಾರ ನೀರಲ್ಲಿ ಕರಗಿ ಮಣ್ಣೊಳಗೆ ಇಳಿದುಹೋಗಿತ್ತು. ಮಡಕೆ ಕಜ್ಜಿ ಹಿಡಿದವನ ಬೆನ್ನಿನ ಹಾಗೆ ಹೊರಗೆ ಬಂತು. ಅದನ್ನೇ ಹಿಡಿದುಕೊಂಡು ಅಕ್ಕಸಾಲಿಯ ಅಂಗಡಿಗೆ ಹೋದೆ.

"ಬಿಳಿಗಾರ ಹಸೀ ಹಾಕ್ತಾರೇನೇ ಬಾಯಿ?" ಅವರು ಕನ್ನಡಕ ಹಣೆಗೇರಿಸಿದರು. ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ ಬಾಯಿ ಎಂದು. "ಗಾಜಿನ ಜೊತೆ ಮೂಸೇಲಿ ಕರಗ್ಸಿ ನೀರಿಗೆ ಹೊಯ್ಯಿ. ಹರಳಾಗ್ತದೆ. ಅದನ್ನ ಅರೀ. ಮತ್ತೆ ಅದು ನೀರಿಗೆ ಹೆದರೂದಿಲ್ಲ."

"ಇದು ಪುಸ್ತಕದಲ್ಲೂ ಇದೆ ಶೇಟ್ರೇ. ನಾನು ಆ ಪೇಜ್ ಸ್ಕಿಪ್ ಮಾಡಿದ್ದೆ."

"ಪುಸ್ತಕ ಓದೂದು ಒಳ್ಳೇದು" ಎಂದು ತಿದಿ ಒತ್ತಿದರು. "ಪೂರ್ತಿ ಓದ್ಬೇಕು ಅಷ್ಟೇ."

ಆದರೆ ಗಾಜು? ಸೋಡಾ ಬಾಟಲಿಯನ್ನು ಯಾರೂ ಸುಮ್ಮನೆ ಒಡೆಯಲು ಕೊಡುವುದಿಲ್ಲ. ಆಗ ಮನೆಗೆ ಬಂದ ಬಳೆಗಾರ್ತಿಯ ಬುಟ್ಟಿಯ ತಳದಲ್ಲಿ ಚೂರುಗಳು ಕಂಡವು. "ಒಡೆದ ಬಳೆ ಎಲ್ಲ ಕೊಡ್ತೀಯಾ?" ಎಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಬಿಡ್ತು ಅನ್ನು ಬಾಯಿ! ಒಡದದ್ದು ಅಂತಾರಾ? ಹೆಚ್ಚಿದ್ದು ಅನ್ಬೇಕು."

"ಸರಿ, ಹೆಚ್ಚಿದ್ದು ಕೊಡು."

ಮುಂದಿನ ವಾರ ಒಂದು ಗಂಟು ತಂದಳು. ಊರಿನ ಎಷ್ಟೋ ಕೈಗಳಿಂದ ಹೆಚ್ಚಿದ ಹಸಿರು, ನೀಲಿ, ಕೆಂಪು. ಹಳೆಯ ಒರಳೊಂದರಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅರೆದೆ. ಅಕ್ಕಸಾಲಿಯ ಮೂಸೆಯಲ್ಲಿ ಬಿಳಿಗಾರದ ಜೊತೆ ಕರಗಿಸಿ, ಹರಳನ್ನು ಮತ್ತೆ ಅರೆದು, ಗಂಜಿ ತಿಳಿಯಲ್ಲಿ ಕಲಸಿ, ಭರಣಿಗೆ ಬಳಿದೆ. ಏಪ್ರಿಲ್ ಕೊನೆಗೆ ಭಟ್ಟಿಯಿಂದ ಹೊರಗೆ ತೆಗೆದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಓಡಿಬಂದರು. ಹಸಿರು! ಮಳೆ ಬಿದ್ದ ಮರುದಿನದ ಹಾವಸೆಯ ಹಸಿರು. ಮುಖ ಕಾಣುವಷ್ಟು ಹೊಳಪು. ಎಷ್ಟು ಪ್ರೌಡ್ ಆಗಿದ್ದೆ ನಾನು!

ಅತ್ತೆ ಅದರಲ್ಲಿ ಮಾವಿನ ಮಿಡಿಯನ್ನೂ ಉಪ್ಪನ್ನೂ ಪದರಪದರವಾಗಿ ತುಂಬಿದಳು. ಮೂರನೆಯ ಬೆಳಿಗ್ಗೆ ಕರೆದಳು.

"ಅಗೋ ಬಾಯ್, ನಿನ್ನ ಭರಣಿ ಹೂ ಬಿಟ್ಟದೆ. ಮುಡ್ಕೊಳ್ತೀಯೋ ಹೆಂಗೆ?"

ಹತ್ತಿರ ಹಿಡಿದು ನೋಡಿದೆ. ಹೊಳಪಿನ ತುಂಬ ಕೂದಲಿನಂಥ ಬಿರುಕು, ಬಿರುಕಿನ ತುಂಬ ಉಪ್ಪು. ಅದೇ ಮಧ್ಯಾಹ್ನ ಬಳೆಗಾರ್ತಿ ಅಮ್ಮನ ಹತ್ತಿರ ಬಾಯಿಬಿಟ್ಟಳು. ಅಲ್ಲಿಯವರೆಗೆ ಗಾಜು ಎಲ್ಲಿಯದೆಂದು ಅಮ್ಮನಿಗೆ ನಾನು ಹೇಳಿರಲಿಲ್ಲ.

"ಯಾರ್ಯಾರ ಕೈಯ ಬಳೆಯೋ ಏನೋ!" ಅಮ್ಮ ಭರಣಿಯಿಂದ ದೂರ ಸರಿದಳು. "ಕೆಲವು ಹೆಚ್ಚಿದ್ದು, ಕೆಲವು ಎಂತಾ ದಿನ ತೆಗ್ದದ್ದೋ. ಅದ್ರಲ್ಲಿ ನಾವು ಉಣ್ಣೂದಾ?"

ಮಿಡಿಯೆಲ್ಲ ತಿಪ್ಪೆಗೆ ಹೋಯಿತು. ಇನ್ನು ಮನೆಯೊಳಗೆ ಬಳೆ ಚೂರು ಬರಕೂಡದೆಂದು ಅಪ್ಪಣೆಯಾಯಿತು. ಬಳೆಗಾರ್ತಿಯೂ ನಮ್ಮ ಬೀದಿಗೆ ಬರುವುದನ್ನು ಬಿಟ್ಟಳು. ಉಳಿದದ್ದು ಒಂದು ಹಿಡಿ ಹರಳು ಮತ್ತು ನಾಲ್ಕು ವಾರ.

ಸರ್ವಿಸ್ ಮೋಟಾರು ಹಿಡಿದು ಅಂಕೋಲೆಗೆ ಹೋದೆ, ಅಲ್ಲಿಂದ ನಡೆದು ಬೆಳಂಬಾರಕ್ಕೆ. ಭರಣಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕುಂಬಾರಜ್ಜಿ ಅದನ್ನು ತಿರುಗಿಸಿ ನೋಡಿದಳು, ಉಗುರಿನಿಂದ ಟಣ್ ಟಣ್ ಎನಿಸಿದಳು. ಅವಳು ಜನ್ಮದಲ್ಲಿ ಗ್ಲೇಜ್ ಮಾಡಿದವಳಲ್ಲ.

"ಇದ್ಕೆ ಹಾಕಿದ ಕುಪ್ಪಸ ಬಿಗೀ ಆಗ್ಯದೆ ತಂಗಿ" ಎಂದಳು. "ಬೆಂಕಿಲಿದ್ದಾಗ ಮಡ್ಕೆಗೂ ಗಾಜಿಗೂ ಸಮ ಆಗ್ತದೆ. ತಣಿವಾಗ ಗಾಜು ಹೆಚ್ಚು ಕುಗ್ತದೆ, ಮಡ್ಕೆ ಕುಗ್ಗೂದಿಲ್ಲ. ಹೊಲಿಗೆ ಬಿಡದೆ ಮತ್ತೆಂತಾ ಮಾಡ್ತದೆ?"

"ಸಡಿಲ ಮಾಡೂದು ಹೇಗಜ್ಜಿ?"

"ನಂಗೇನು ಗೊತ್ತು? ನಾವು ಮಣ್ಣು ಬಿರ್ದ್ರೆ ಭತ್ತದ ಉಮಿ ಬೂದಿ ಹಾಕ್ತೆವು. ನೀನೂ ಹಾಕಿ ನೋಡು. ನಿನ್ನ ಇಂಗ್ಲೀಷ್ ಪುಸ್ತಕ ಬ್ಯಾಡ ಅಂತದ್ಯೇ?"

ಪುಸ್ತಕ ಬೇಡ ಅನ್ನಲಿಲ್ಲ. ಅದು ಸಿಲಿಕಾ ಎಂದು ಕರೆಯುವುದೂ ಅಜ್ಜಿಯ ಬೂದಿಯೂ ಹತ್ತಿರದ ನೆಂಟರು ಎಂದು ಆ ರಾತ್ರಿಯೇ ಪುಟ ತಿರುವಿ ಕಂಡುಕೊಂಡೆ. ಈ ಸಲ ಪೂರ್ತಿ ಓದಿದೆ. ಉಳಿದ ಹರಳಿಗೆ ಚಿಟಿಕೆ ಚಿಟಿಕೆ ಲೆಕ್ಕದಲ್ಲಿ ಉಮಿ ಬೂದಿ ಕೂಡಿಸಿ, ಮಡಕೆ ಚೂರುಗಳ ಮೇಲೆ ಬಳಿದು ಸುಡುತ್ತ ಹೋದೆ. ಪ್ರತಿ ಚೂರಿಗೂ ನಂಬರ್, ಪ್ರತಿ ನಂಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಬೂದಿ ಕಡಿಮೆಯಾದರೆ ಬಿರುಕು, ಹೆಚ್ಚಾದರೆ ಒಣಗಿದ ಸುಣ್ಣದ ಹಾಗೆ. ನನ್ನ ಹುಬ್ಬು ಸುಟ್ಟವು. ಸೆರಗಿಗೆ ತೂತು ಬಿದ್ದವು. ಅಪ್ಪ ದಿನಾ ಕಚೇರಿಯಿಂದ ಬಂದವರೇ ಸ್ಟೀಮರಿನ ಸುದ್ದಿ ಹೇಳುತ್ತಿದ್ದರು, ಬೇಕೆಂದೇ. ಹತ್ತೊಂಬತ್ತನೆಯ ಚೂರಿನಲ್ಲಿ ಬಿರುಕು ಇರಲಿಲ್ಲ. ನಾಲ್ಕು ದಿನ ಕಾದೆ, ಆಗಲೂ ಇರಲಿಲ್ಲ. ಹರಳು ಮಾತ್ರ ಮುಗಿದಿತ್ತು. ಭರಣಿಗೆ ಬಳಿಯಲು ಗಾಜೇ ಇಲ್ಲ.

ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟಿತ್ತು.

"ಇದು ಸಾಕಾಗ್ತದಾ ನೋಡು."

ಬಿಚ್ಚಿದೆ. ದಪ್ಪ ಹಸಿರು ಬಳೆಯ ಚೂರುಗಳು. ಸಣ್ಣ ಕೈಯವು.

"ನಿಮ್ಮವಾ ಅತ್ತೆ?"

"ಮತ್ಯಾರದ್ದು? ಬಾವಿಕಟ್ಟೆ ಮೇಲೆ ಕೈ ಇಟ್ಟು ಕಲ್ಲಲ್ಲಿ ಕುಟ್ಟಿದ್ರು. ಎಲ್ಲರೂ ಒಳಗೆ ಹೋದ ಮೇಲೆ ನಾನೇ ಹೆಕ್ಕಿದೆ. ಆಡ್ಲಿಕ್ಕೆ ಆಗ್ತದೆ ಅಂತ." ಒಂದು ಚೂರನ್ನು ಎತ್ತಿ ಮತ್ತೆ ಗಂಟಿಗೇ ಹಾಕಿದಳು. "ಆಡೂದೇ ಆಗ್ಲಿಲ್ಲ."

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಿದ್ದಳು. ಗಂಟನ್ನು ಕಂಡಳು. "ಅಯ್ಯೋ ಅತ್ತಿಗೆ! ಬೇರೆಯವರದೇ ಬೇಡ ಅಂದೆ, ನೀವು ಇದನ್ನ..."

"ಉಪ್ಪಿನಕಾಯಿ ಹಾಕೂದು ಯಾರು?" ಎಂದಳು ಅತ್ತೆ, ತಿರುಗದೆ. "ನಲವತ್ತು ವರ್ಷ ಈ ಬೋಳು ಕೈಲಿ ಕಲ್ಸಿದ್ದನ್ನ ತಿಂದಿದ್ರಿ. ಯಾರಿಗೂ ಹೊಟ್ಟೆನೋವು ಬರ್ಲಿಲ್ಲ. ಬ್ಯಾಡಾದವ್ರು ಸಪ್ಪೆ ಉಣ್ಣಿ."

ಅಮ್ಮ ಒಳಗೆ ಹೋದಳು. ಆ ಸಂಜೆ ನಾನು ಅರೆಯಲು ಕೂತಾಗ, ಕಣ್ಣಿಗೆ ಧೂಳು ಹಾರದಿರಲೆಂದು ಒದ್ದೆ ಬಟ್ಟೆ ತಂದು ಕೊಟ್ಟದ್ದು ಅವಳೇ.

ಹಿಂದಿನಂತೆಯೇ ಹರಳು ಮಾಡಿ, ಹತ್ತೊಂಬತ್ತನೆಯ ಚೂರಿನ ಲೆಕ್ಕದಲ್ಲಿ ಬೂದಿ ಕೂಡಿಸಿದೆ. ಗಾಜು ಒಂದೇ ಹೊಸ ಭರಣಿಯ ಒಳಮೈಗೆ, ಕಂಠಕ್ಕೆ, ಹೊರಗೆ ಭುಜದವರೆಗೆ ಸಾಕಾಯಿತು. ಎರಡನೆಯ ಚಾನ್ಸ್ ಇರಲಿಲ್ಲ. ಬೆಳಗಿನ ಜಾವಕ್ಕೆ ಬೆಂಕಿ ಹಾಕಿದೆ. ಬೂದಿ ಬೀಳದ ಹಾಗೆ ಭರಣಿಯ ಮೇಲೆ ದೊಡ್ಡ ಮಡಕೆಯೊಂದನ್ನು ಕವುಚಿದ್ದೆ. ಗಾಳಿಮರದ ಕಟ್ಟಿಗೆ ಹಿಂದಿನ ಸಂಜೆಯ ಹನಿಗೆ ಒದ್ದೆಯಾಗಿತ್ತು. ಮಧ್ಯಾಹ್ನ ಮೂರಾದರೂ ಭಟ್ಟಿಯೊಳಗೆ ಕೆಂಪು ಮಾತ್ರ. ನನಗೆ ಬೇಕಾದದ್ದು ಕಿತ್ತಳೆ. ಬಂದರಿರುವ ಬೈತಖೋಲದ ಕಡೆ ಆಕಾಶ ಕಪ್ಪಾಗುತ್ತಿತ್ತು.

"ಅತ್ತೇ, ಏರೂದಿಲ್ಲ ಇದು!"

ಅತ್ತೆ ಎದ್ದು ಹೋದಳು. ಸ್ನಾನದ ಹಂಡೆಗೆಂದು ಮಳೆಗಾಲದ ಪೂರ್ತಿಗೆ ಕೂಡಿಟ್ಟಿದ್ದ ತೆಂಗಿನ ಗೆರಟೆಯ ಗೋಣಿಯನ್ನು ದರದರ ಎಳೆದುಕೊಂಡು ಬಂದಳು. "ಹಾಕು. ಈ ವರ್ಷ ತಣ್ಣೀರೇ ಮೀಯುವಾ."

ಗೆರಟೆಯ ಬೆಂಕಿ ಬೆಂಕಿಯೆಂದರೆ ಬೆಂಕಿ. ಒಂದು ಗಂಟೆಯಲ್ಲಿ ಕಿತ್ತಳೆಯಾಯಿತು. ಕಿಂಡಿಯಿಂದ ತಂತಿ ಹಾಕಿ, ಭರಣಿಯ ಜೊತೆಗಿಟ್ಟಿದ್ದ ಪರೀಕ್ಷೆಯ ಚೂರು ಎಳೆದೆ. ಹೊಳೆಯುತ್ತಿತ್ತು. ಕಿಂಡಿಗಳನ್ನೆಲ್ಲ ಹಸಿಮಣ್ಣಿನಿಂದ ಮುಚ್ಚಿದೆವು. ಮಳೆ ಬಂತು. ಇಬ್ಬರೂ ಸೇರಿ ಅಡಿಕೆ ಹಾಳೆ, ಚಾಪೆ, ಅಪ್ಪನ ಛತ್ರಿ ಎಲ್ಲ ಭಟ್ಟಿಗೆ ಹೊದೆಸಿದೆವು.

ಎರಡು ದಿನ ತಣಿಯಲು ಬಿಟ್ಟು ತೆಗೆದೆ. ಚೆಂದವಿರಲಿಲ್ಲ. ಬೂದಿ ಸೇರಿದ್ದರಿಂದ ಹಸಿರೆಲ್ಲ ಮಂಕಾಗಿ ಕೆಸರು ಬಣ್ಣಕ್ಕೆ ತಿರುಗಿತ್ತು. ಮೊದಲಿನದರ ಮುಂದೆ ಇದು ಬಡವರ ಮಗು. ಅತ್ತೆ ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನದು ಎಲ್ಲಿ?"

ಬೆಳಕಿಗೆ ಹಿಡಿದು ಒಳಗೆ ತೋರಿಸಿದೆ. ತಳದಲ್ಲಿ ಗಾಜು ಹರಿದು ನಿಂತಲ್ಲಿ ಒಂದು ಅಂಗೈಯಷ್ಟು ಅಗಲಕ್ಕೆ ಆಳವಾದ ಹಸಿರಿತ್ತು. ಅವಳು ಬಹಳ ಹೊತ್ತು ಬಗ್ಗಿ ನೋಡುತ್ತಿದ್ದಳು. ಆಮೇಲೆ ಅದರ ಮೇಲೇ ಮಿಡಿ ಮತ್ತು ಉಪ್ಪು ತುಂಬಿದಳು.

ಭರಣಿಯನ್ನು ನನ್ನ ಹಳೆಯ ಸ್ಲೇಟಿನ ಮೇಲೆ ಇಟ್ಟದ್ದು ಅತ್ತೆಯದೇ ಐಡಿಯಾ. ಕಪ್ಪಿನ ಮೇಲೆ ಉಪ್ಪಿನ ಕಣ ಬಿದ್ದರೂ ಕಾಣುತ್ತದೆ. ಮೂರನೆಯ ದಿನ ಏನೂ ಇರಲಿಲ್ಲ. ಐದನೆಯ ದಿನವೂ ಇರಲಿಲ್ಲ. ನಾನು ಊಟ ಬಿಟ್ಟು ಸ್ಲೇಟಿನ ಎದುರು ಕೂರುತ್ತಿದ್ದೆ. ಎಂಟನೆಯ ದಿನ ಅಪ್ಪ ಕಚೇರಿಗೆ ಹೊರಡುವಾಗ, "ಇವತ್ತು ಸಂಜೆ ಕಡೇ ಸ್ಟೀಮರ್" ಎಂದರು. ಈ ಸಲ ಅವರ ಧ್ವನಿಯಲ್ಲಿ ತಮಾಷೆಯಿರಲಿಲ್ಲ. "ಅಕ್ಕಾ, ಏನು ಹೇಳ್ತೀ?"

ಅತ್ತೆ ಭರಣಿಯನ್ನು ಎತ್ತಿ ಸ್ಲೇಟನ್ನು ಬೆಳಕಿಗೆ ಓರೆ ಹಿಡಿದಳು. ಭರಣಿಯ ಹೊಟ್ಟೆಯನ್ನು ಸುತ್ತಲೂ ಬೆರಳಿನಿಂದ ಸವರಿದಳು. ಅಷ್ಟಾದರೂ ನಂಬಿಕೆ ಬರದೆ ನಾಲಿಗೆ ಚಾಚಿ, ನಮ್ಮೆಲ್ಲರ ಎದುರು, ಭರಣಿಯನ್ನು ಕೆಳಗಿನಿಂದ ಮೇಲಕ್ಕೆ ನೆಕ್ಕಿದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಸಪ್ಪೆ" ಎಂದಳು ಅತ್ತೆ.

ಜೀವನದಲ್ಲಿ ಆಮೇಲೆ ನನ್ನ ಕೆಲಸಕ್ಕೆ ಹಾರಗಳು ಬಂದಿವೆ, ಭಾಷಣಗಳು ಬಂದಿವೆ. ಅಷ್ಟು ಚಿಕ್ಕ ಮಾತಿಗೆ ಅಷ್ಟು ಸುಖಪಟ್ಟದ್ದು ಮತ್ತೆ ಇಲ್ಲ. ಅಪ್ಪ ಛತ್ರಿ ಮೂಲೆಗಿಟ್ಟು, ಹಂಚಿಗೆ ಹೇಳಿ ಬರುತ್ತೇನೆಂದು ಹೊರಟರು, ಛತ್ರಿ ಮರೆತು. ನಾನು ಒಳಗೆ ಹೋಗಿ ಸಿಸ್ಟರ್‌ಗೆ ಕಾಗದ ಬರೆದೆ. "ಮೈ ಡಿಯರ್ ಸಿಸ್ಟರ್" ಎಂದು ಶುರುಮಾಡಿದ್ದು ನೆನಪಿದೆ. ಬರಲಾಗುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳಲು ಮೂರು ಹಾಳೆ ಹರಿದೆ. ವಾರಗಳಿಂದ ಉಗುರಿನ ಸಂದಿಯಲ್ಲಿ ಕೂತಿದ್ದ ಉಮಿ ಬೂದಿ ಮೂರರಲ್ಲೂ ಮೂಡಿತ್ತು. ನಾಲ್ಕನೆಯದರಲ್ಲೂ ಮೂಡಿತು. ಹಾಗೆಯೇ ಮಡಚಿ ಬಂದರಿಗೆ ಓಡಿದೆ.

ಹಿಂದಿನಿಂದ ಅತ್ತೆ ಕೂಗುತ್ತಿದ್ದಳು: "ಬರುವಾಗ ಗೆರಟೆ ಎಲ್ಲಾದ್ರೂ ಸಿಗ್ತದಾ ನೋಡೇ! ಮೀಲಿಕ್ಕೆ ಬ್ಯಾಡ್ವಾ?"