ಹಿರೀ ಸವತಿಯನ್ನು ನೋಡಲು ಬಂದವರು

ನಮ್ಮ ಯಜಮಾನರು ಮದುವೆಯಾದಾಗಿನಿಂದ ಒಂದು ಸಲವೂ ನನ್ನನ್ನು "ಚಿನ್ನ" ಅಂದವರಲ್ಲ. "ಲೇ", "ಇವಳೇ", ತೀರಾ ಖುಷಿಯಾಗಿದ್ದರೆ "ಏನೇ". ಆದರೆ ಆ ಹಾಳು ಬೈಕು ನಡುರಸ್ತೆಯಲ್ಲಿ ಆಫ್ ಆಗಿಬಿಟ್ಟರೆ ಸಾಕು, ಟ್ಯಾಂಕು ಸವರಿ, "ಏನಾಯ್ತು ಚಿನ್ನ? ಸುಸ್ತಾಯ್ತಾ?" ಅಂತ ವಿಚಾರಿಸುತ್ತಾರೆ. ಹಿಂದೆ ಕೂತಿರುವ ನನಗೆ ಮೈಯೆಲ್ಲ ಉರಿಯುತ್ತದೆ.

ಇಂದಿರಾನಗರದ ಪಕ್ಕದ ಈ ಕಾರ್ಖಾನೆ ಕಾಲೊನಿಗೆ ನನಗಿಂತ ಮೊದಲು ಬಂದದ್ದು ಅದು. ಹಿರೀ ಸವತಿ! ಆಯುಧಪೂಜೆಗೆ ಅದಕ್ಕೆ ಸೇವಂತಿಗೆ ಹಾರ, ಹೊಸ ಸೀಟ್ ಕವರ್. ನನಗೆ ಒಡೆದ ಕುಂಬಳಕಾಯಿ ಬಾಚೋ ಕೆಲಸ. ಮನೆಗೆ ಬಂದ ಕೂಡಲೇ ಇವರು ಬಗ್ಗಿ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡುತ್ತಾರೆ, ತೊಟ್ಟು ಪೆಟ್ರೋಲೂ ಸೋರಬಾರದು ಅಂತ. ಬೆಳಿಗ್ಗೆ ಅದನ್ನು ತೆಗೆದೇ ಹೊರಡಬೇಕು. ಮರೆತರೆ ಗಾಡಿ ಜುಮ್ಮಂತ ಹೊರಟು ಬೀದಿ ಕೊನೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಅಡುಗೆಮನೆಯ ಗ್ಯಾಸ್ ಆಫ್ ಆಗಿದೆಯಾ ಅಂತ ಯಾವತ್ತೂ ನೋಡದ ಮನುಷ್ಯ, ಕಾಕ್ ಮಾತ್ರ ಮಲಗುವ ಮುಂಚೆ ಇನ್ನೊಮ್ಮೆ ಹೋಗಿ ನೋಡಿ ಬರುತ್ತಾರೆ.

ಹೋದ ವರ್ಷ ನನ್ನ ತಂಗಿಯ ಮಗಳ ಮದುವೆಗೆ ಹೋಗುವಾಗ ಹಲಸೂರು ಕೆರೆ ಪಕ್ಕ ನಿಂತೇಬಿಟ್ಟಿತು. ನಾನು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಸುಡುಬಿಸಿಲಲ್ಲಿ ನಿಂತಿದ್ದೇನೆ. ಇವರು ಪ್ಲಗ್ ಬಿಚ್ಚಿ, ಊದಿ, ಒರೆಸುತ್ತಿದ್ದಾರೆ. ಒರೆಸಿದ್ದು ಯಾವುದರಲ್ಲಿ? ನನ್ನ ಕರ್ಚೀಫಲ್ಲಿ! ಛತ್ರ ಮುಟ್ಟುವಷ್ಟರಲ್ಲಿ ಧಾರೆ ಮುಗಿದಿತ್ತು. ತಂಗಿ ಮುಖ ಕೊಟ್ಟು ಮಾತಾಡಲಿಲ್ಲ.

"ಅದಾದ್ರೂ ಇರ್ಬೇಕು, ನಾನಾದ್ರೂ ಇರ್ಬೇಕು. ಯಾವುದು ಹೇಳಿ" ಅಂದುಬಿಟ್ಟೆ. ಇವರು ಎರಡು ದಿನ ಮುಖ ಊದಿಸಿಕೊಂಡಿದ್ದು, "ಆಯ್ತು ಬಿಡು, ಮಾರೋಣ" ಅಂದರು. ಆ ಎರಡು ದಿನ ಯೋಚನೆ ಮಾಡಬೇಕಾಯಿತಲ್ಲ ಅಂತ ನನಗೆ ಇನ್ನೂ ಸಿಟ್ಟು.

ಭಾನುವಾರ ನೋಡೋಕೆ ಒಬ್ಬರು ಬಂದರು. ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿಯಂತೆ. ಹಳೇ ಗಾಡಿ ಅಂದರೆ ಆಸೆ, ಆದರೆ ಓಡಿಸಿದ್ದೆಲ್ಲ ಈಗಿನ ಸ್ಕೂಟರೇ. ಹೆಣ್ಣು ನೋಡಲು ಬಂದವರ ಹಾಗೆ ಒಂದು ಚೀಲ ಸಪೋಟ ಬೇರೆ ತಂದಿದ್ದರು.

"ಒಂದು ರೌಂಡ್ ಹೋಗ್ಲಾ ಸಾರ್?"

ಯಜಮಾನರು ತಾವೇ ಕಿಕ್ ಹೊಡೆದು ಕೊಟ್ಟರು. ಕಾಕ್ ತೆಗೆಯಲಿಲ್ಲ. ಮರೆತರು ಅಂದುಕೊಂಡು ಗೇಟಿನಿಂದಲೇ ಕೂಗಲು ಹೊರಟೆ. ಅವರ ಮುಖ ನೋಡಿದೆ. ಮರೆತಿರಲಿಲ್ಲ.

ಬೀದಿ ಕೊನೆಯಲ್ಲಿ ಗಾಡಿ ನಿಂತಿತು. ಪಾಪ, ಆತ ಕಿಕ್ ಹೊಡೆದೂ ಹೊಡೆದೂ ಬೆವರಿಳಿಸಿಕೊಂಡು ತಳ್ಳಿಕೊಂಡು ಬಂದರು. "ಏನಾಯ್ತು ಸಾರ್ ಇದಕ್ಕೆ?" ಇವರು ತೆಂಗಿನಮರದ ತುದಿ ನೋಡುತ್ತಾ ನಿಂತರು. ಆತ ನನ್ನ ಕಡೆ ತಿರುಗಿದರು. "ಅಕ್ಕಾ, ನೀವು ನಿಜ ಹೇಳಿ. ಯಾವಾಗ್ಲೂ ಹೀಗೇನಾ? ಗಾಡಿ ಸರಿ ಇದ್ರೆ ಈಗ್ಲೇ ತಗೊಂಡು ಹೋಗ್ತೀನಿ."

ಬಗ್ಗಿ ಕಾಕ್ ತಿರುಗಿಸಿದ್ದರೆ ಸಾಕಿತ್ತು, ಪೀಡೆ ತೊಲಗುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಇವರಿಗೆ ನನ್ನ ಕಡೆ ನೋಡುವ ಧೈರ್ಯವೂ ಇರಲಿಲ್ಲ. ಒಂದು ಕೈ ಮಾತ್ರ ಗಾಡಿಯ ಸೀಟನ್ನು ಸವರುತ್ತಲೇ ಇತ್ತು. ಥೂ, ನನ್ನ ಕರುಳು ಚುರುಕ್ ಅಂತು.

"ಯಾವಾಗ್ಲೂ ಹೀಗೇ ಕಣ್ರೀ, ನಡುದಾರೀಲಿ ಕೈ ಕೊಡುತ್ತೆ" ಅಂದೆ. "ನಿಮಗೆ ಬೇಡ ಬಿಡಿ."

ಆತ ಸಪೋಟ ನಮಗೇ ಬಿಟ್ಟು ಹೋದರು. ಗೇಟು ಹಾಕಿ ಇವರ ಹತ್ತಿರ ಬಂದು ನಿಂತೆ. ಈಗಲಾದರೂ ನನಗೊಂದು ಒಳ್ಳೇ ಮಾತು ಸಿಗಬೇಕಲ್ಲ, ಕಾದೆ. ಇವರು ಕುಕ್ಕರುಗಾಲಲ್ಲಿ ಕೂತು ಕಾಕ್ ತೆಗೆದು, ಟ್ಯಾಂಕಿಗೆ ಕೆನ್ನೆ ಆನಿಸಿದರು.

"ನೋಡಿದ್ಯೇನೇ" ಅಂದರು, ಕಣ್ಣು ತುಂಬಿಕೊಂಡು. "ನನ್ನ ಚಿನ್ನ ನನ್ನ ಬಿಟ್ಟು ಹೋಗ್ಲಿಲ್ಲ."

ಅಷ್ಟೂ ಸಪೋಟ ನಾನೊಬ್ಬಳೇ ತಿಂದೆ.